ಹತ್ತು ನಿಮಿಷ ಮುಂದಿದ್ದ ಗಡಿಯಾರ

ಮನುಷ್ಯನು ಕಾಲವನ್ನು ಗೋಡೆಯಿಂದ ಇಳಿಸಿ ಮಣಿಕಟ್ಟಿಗೆ ಬಿಗಿದುಕೊಂಡ ದಿನದಿಂದಲೇ ಅವನ ಅಧಃಪತನ ಆರಂಭವಾಯಿತೆಂಬುದು ನಾನು ಬಹುಕಾಲ ಚಿಂತಿಸಿ ತಲುಪಿದ ನಿಲುವು. ನನ್ನ ಸ್ವಂತ ಅಧಃಪತನವಂತೂ ಕಳೆದ ತಿಂಗಳು, ಒಂದು ಮಂಗಳವಾರ ಮಧ್ಯಾಹ್ನ, ಹಲಸೂರು ಮೆಟ್ರೋ ನಿಲ್ದಾಣದ ಮೆಟ್ಟಿಲಿನ ಮೇಲೆ ಜರುಗಿತು. ಒಟ್ಟು ನಾಲ್ಕು ಮೆಟ್ಟಿಲಿನಷ್ಟು. ಅದರಲ್ಲಿ ತಾತ್ವಿಕವಾದದ್ದೇನೂ ಇರಲಿಲ್ಲ. ಕಣ್ಣು ಕತ್ತಲಿಟ್ಟಿತು, ಮೊಣಕಾಲು ಮಡಿಚಿಕೊಂಡಿತು, ಅತ್ತಿಗೆಗೆಂದು ಚೀಲದಲ್ಲಿ ಒಯ್ಯುತ್ತಿದ್ದ ನುಗ್ಗೇಕಾಯಿಗಳು ನನಗಿಂತ ಎರಡು ಮೆಟ್ಟಿಲು ಕೆಳಗೆ ಹೋಗಿ ಬಿದ್ದವು. ಹಿಡಿದೆಬ್ಬಿಸಿದ ಹುಡುಗಿಯೊಬ್ಬಳು "ಅಂಕಲ್, ಏನಾಯ್ತು? ಮನೇಗೆ ಫೋನ್ ಮಾಡ್ಲಾ?" ಎಂದು ಗಾಬರಿಯಿಂದ ಕೇಳುತ್ತಿದ್ದರೆ ನಾನು ಮೊದಲು ನೋಡಿಕೊಂಡದ್ದು ನನ್ನ ಎಡಗೈಯನ್ನು. ಗಡಿಯಾರದ ಗಾಜು ಒಡೆದಿರಲಿಲ್ಲ. ಅದು ಹನ್ನೆರಡೂ ಇಪ್ಪತ್ತೈದು ತೋರಿಸುತ್ತಿತ್ತು. ಅಂದರೆ ಹನ್ನೆರಡೂಕಾಲು.

ಈ 'ಅಂದರೆ' ಎನ್ನುವುದರ ವಿಚಾರವನ್ನೇ ನಿಮಗೆ ಹೇಳಬೇಕೆಂದು ಕೂತಿದ್ದೇನೆ. ಆದರೆ ಅದಕ್ಕೆ ಮುಂಚೆ ವೈದ್ಯರ ಅಭಿಪ್ರಾಯವನ್ನು ದಾಖಲಿಸುವುದು ಮರ್ಯಾದೆ. ನನ್ನ ಹೃದಯ ಆಗಾಗ ಒಂದೊಂದು ಬಡಿತ ತಪ್ಪಿಸುತ್ತದಂತೆ. ಒಮ್ಮೊಮ್ಮೆ ತಪ್ಪಿಸಿದ್ದನ್ನು ತುಂಬಿಕೊಡಲು ಎರಡು ಬಡಿತ ಒಟ್ಟಿಗೆ ಬಡಿಯುತ್ತದಂತೆ. ನಾನು ಗರುಡಾಚಾರ್‌ಪಾಳ್ಯದ ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಮೂವತ್ತಾರು ವರ್ಷ ಗುಮಾಸ್ತನಾಗಿದ್ದವನು. ಯಾರು ಎಷ್ಟು ಗಂಟೆಗೆ ಗೇಟಿನೊಳಗೆ ಬಂದರು, ಯಾರು ತಡವಾದರು, ಯಾರು ಬರಲೇ ಇಲ್ಲ ಎಂದು ಬರೆಯುವುದೇ ನನ್ನ ಉದ್ಯೋಗ. ಬೇರೆಯವರ ಗೈರುಹಾಜರಿಯನ್ನು ಇಷ್ಟು ಶ್ರದ್ಧೆಯಿಂದ ಬರೆದವನ ಎದೆಯೊಳಗೇ ಒಬ್ಬ ನೌಕರ ಹೇಳದೆ ಕೇಳದೆ ರಜೆ ಹಾಕುತ್ತಿದ್ದಾನೆಂದು ತಿಳಿದಾಗ, ಹೆದರಿಕೆಗಿಂತ ಹೆಚ್ಚಾಗಿ ಒಂದು ಬಗೆಯ ಅವಮಾನವೇ ಆಯಿತು.

ನನ್ನ ಮಗಳು ವನಿತಾ ಇಂದಿರಾನಗರದ ಕ್ಲಿನಿಕ್ಕೊಂದರಲ್ಲಿ ಫಿಸಿಯೋಥೆರಪಿಸ್ಟ್. ಮದುವೆಯಾಗಿ ಕಮ್ಮನಹಳ್ಳಿಯಲ್ಲಿದ್ದಾಳೆ. ಬೇರೆಯವರ ಮೊಣಕಾಲು ಬಗ್ಗಿಸಿ ಬಗ್ಗಿಸಿ ಅಭ್ಯಾಸವಾಗಿರುವುದರಿಂದ ನನ್ನ ಮನಸ್ಸನ್ನೂ ಹಾಗೆಯೇ ಬಗ್ಗಿಸಬಹುದೆಂಬ ಧೈರ್ಯ ಅವಳಿಗೆ. "ಅಪ್ಪಾ, ನೀನು ಒಬ್ನೇ ಇರ್ತೀಯ. ಬಿದ್ರೆ ಯಾರಿಗ್ ಗೊತ್ತಾಗತ್ತೆ? ಸ್ಮಾರ್ಟ್‌ವಾಚ್ ಕಟ್ಕೊಂಡ್ರೆ ನೀನು ಬಿದ್ದ ತಕ್ಷಣ ನನ್ನ ಫೋನಿಗೆ ಬರತ್ತೆ, ಹಾರ್ಟ್‌ಬೀಟೂ ಬರತ್ತೆ. ಭಾನುವಾರ ತಗೊಳ್ಳೋದೇ, ಮಾತಿಲ್ಲ" ಎಂದಳು. ನನಗೆ ಒಂದು ಗಡಿಯಾರ ಆಗಲೇ ಇದೆಯಲ್ಲ ಎಂದೆ. "ಅದು ಬರೀ ಟೈಮ್ ತೋರ್ಸತ್ತೆ ಅಪ್ಪಾ" ಎಂದಳು, ಅದೊಂದು ಕುಂದು ಎಂಬಂತೆ. ತೋರಿಸುವ ಟೈಮೂ ಸರಿಯಿಲ್ಲ ಎಂದು ಅವಳು ಸೇರಿಸಲಿಲ್ಲ.

ಹೀಗೆ ಭಾನುವಾರಕ್ಕೆ ವಾಯಿದೆ ಬಿತ್ತು. ನಡುವಿನ ನಾಲ್ಕು ದಿನ ನಾನು ನನ್ನ ಮನೆಯ ಸ್ಟೂಲಿನ ಮೇಲೆ ನ್ಯಾಯಾಧೀಶನಂತೆ ಕೂತು ಎರಡೂ ಪಕ್ಷದ ವಾದವನ್ನು ಆಲಿಸಿದೆ. ಮೊದಲ ಪಕ್ಷ, ನನ್ನ ಹಳೆಯ ಗಡಿಯಾರ. ಬೆಳ್ಳಗಿದ್ದ ಅದರ ಮುಖ ಈಗ ಹಾಲು ಜಾಸ್ತಿಯಾದ ಚಹಾದ ಬಣ್ಣಕ್ಕೆ ತಿರುಗಿದೆ. ಪಟ್ಟಿ ಎಷ್ಟನೆಯದೋ ಲೆಕ್ಕವಿಲ್ಲ. ಬೆಳಿಗ್ಗೆ ಕಾಫಿಗೆ ಮುಂಚೆ ಕೀ ಕೊಡದಿದ್ದರೆ ಮಾರನೆಯ ದಿನ ತಿಂಡಿಯ ಹೊತ್ತಿಗೆ ನಿಲ್ಲುತ್ತದೆ. ದಿನಕ್ಕೊಂದು ಸಲ ನನ್ನನ್ನು ನೆನೆಸಿಕೋ, ಮಿಕ್ಕ ಹೊತ್ತು ನಿನ್ನ ಪಾಡಿಗೆ ನೀನಿರು ಎನ್ನುವ ಸ್ವಭಾವ ಅದರದ್ದು. ಸ್ನೇಹಿತರಲ್ಲೂ ನಾನು ಮೆಚ್ಚುವುದು ಅಂಥವರನ್ನೇ. ಎರಡನೆಯ ಪಕ್ಷ, ನಾನಿನ್ನೂ ಮುಖ ನೋಡದ ಸ್ಮಾರ್ಟ್‌ವಾಚು. ಅದು ಹೆಜ್ಜೆ ಎಣಿಸುತ್ತದೆ, ನಿದ್ದೆ ಅಳೆಯುತ್ತದೆ, ಬಹಳ ಹೊತ್ತು ಕೂತರೆ ಏಳು ಎನ್ನುತ್ತದೆ, ಎದ್ದರೆ ಭೇಷ್ ಎನ್ನುತ್ತದೆ. ಅದಕ್ಕೂ ದಿನಾ ಊಟ ಬೇಕು, ಆದರೆ ಕೈಯಿಂದ ಅಲ್ಲ, ಗೋಡೆಯಿಂದ. ಮೂವತ್ತಾರು ವರ್ಷ ಇನ್ನೊಬ್ಬರ ಚಲನವಲನ ಬರೆದಿಟ್ಟವನಿಗೆ ಈಗ ಒಂದು ಟೈಮ್ ಆಫೀಸು ಸ್ವತಃ ಬಂದು ಮಣಿಕಟ್ಟಿನ ಮೇಲೆ ಕೂರುತ್ತದೆ. ಯೋಚಿಸಿ ನೋಡಿದರೆ ಇದಕ್ಕಿಂತ ಸರಿಯಾದ ಶಿಕ್ಷೆ ಯಾರಿಗೂ ಹೊಳೆಯಲಾರದು.

ಆರೋಗ್ಯದ ದೃಷ್ಟಿಯಿಂದ ತೀರ್ಪು ಸುಲಭವಾಗಿತ್ತು. ಆದರೂ ಶನಿವಾರದವರೆಗೆ ತೀರ್ಪು ಬರೆಯದೆ ಕೂತೆ. ಕಾರಣ ಆ ಹತ್ತು ನಿಮಿಷ.

ಗಡಿಯಾರ ಕೊಡಿಸಿದವನು ನನ್ನ ಅಣ್ಣ ಮುನಿರಾಜ. ನಮ್ಮದು ಹಲಸೂರಿನ ಹಳೆಯ ಮನೆ; ನಮ್ಮ ತಾತ ಕೆರೆಯ ಅಂಚಿನಲ್ಲಿ ಸೊಪ್ಪು ಬೆಳೆಯುತ್ತಿದ್ದವರು, ಅವರಿಗೆ ಬೆಳಗು ಬೈಗಿನ ಹೊರತು ಬೇರೆ ಗಂಟೆಯ ಹಂಗಿರಲಿಲ್ಲ. ನಮ್ಮ ವಂಶದಲ್ಲಿ ನಿಮಿಷಕ್ಕೆ ಬೆಲೆ ಕಟ್ಟುವ ಕೆಲಸಕ್ಕೆ ಸೇರಿದ ಮೊದಲಿಗ ನಾನು. ಕೆಲಸದ ಆರ್ಡರ್ ಬಂದ ದಿನ ಅಣ್ಣ ಶಿವಾಜಿನಗರಕ್ಕೆ ಕರೆದುಕೊಂಡು ಹೋಗಿ ಈ ಗಡಿಯಾರ ಕೊಡಿಸಿದ. ಅಂಗಡಿಯವನು ಸರಿಯಾದ ಸಮಯಕ್ಕೆ ಹೊಂದಿಸಿ ಕೊಟ್ಟದ್ದನ್ನು ಅಲ್ಲೇ ಇಸಕೊಂಡು, ಗುಂಡಿ ಎಳೆದು, ಹತ್ತು ನಿಮಿಷ ಮುಂದೆ ತಿರುಗಿಸಿ ನನ್ನ ಕೈಗೆ ಕಟ್ಟಿದ. "ಲೇ ನಾಗೇಶ, ಟೈಮ್ ಆಫೀಸ್ನೋನೇ ಲೇಟಾಗ್ ಹೋದ್ರೆ ಮಿಷಿನ್ ಕೂಡಾ ನಗ್ತವೆ ಕಣೋ. ಇದನ್ನ ಹಿಂದಕ್ ತಿರುಗಿಸ್ಬೇಡ" ಎಂದ. ನಾನು ತಿರುಗಿಸಲಿಲ್ಲ. ಅಣ್ಣನ ಮಾತಿನ ಮೇಲಿನ ಗೌರವವೋ, ಬಸ್ಸು ತಪ್ಪುವ ಭಯವೋ, ಅಂತೂ ನಲವತ್ತೆರಡು ವರ್ಷದಿಂದ ನಾನು ಲೋಕಕ್ಕಿಂತ ಹತ್ತು ನಿಮಿಷ ಮುಂದೆ ಬದುಕುತ್ತಿದ್ದೇನೆ. ಯಾರಾದರೂ ಗಂಟೆ ಕೇಳಿದರೆ ಕಣ್ಣು ಮುಳ್ಳನ್ನು ನೋಡುತ್ತದೆ, ಮನಸ್ಸು ಹತ್ತು ಕಳೆಯುತ್ತದೆ, ಬಾಯಿ ಉತ್ತರ ಹೇಳುತ್ತದೆ. ಉಗುಳು ನುಂಗಿದಷ್ಟು ಸಹಜವಾಗಿ ನಡೆಯುವ ಈ ಕಳೆಯುವ ಲೆಕ್ಕ ಜೀವಮಾನದಲ್ಲಿ ತಪ್ಪಿದ್ದು ಒಂದೇ ಸಲ.

ಹನ್ನೆರಡು ವರ್ಷದ ಕೆಳಗೆ ಅಣ್ಣ ಹಲಸೂರಿನ ಮನೆಯಲ್ಲೇ, ಮೂತ್ರಪಿಂಡದ ಕಾಯಿಲೆಯಿಂದ, ಒಂದು ಮಧ್ಯಾಹ್ನ ತೀರಿಕೊಂಡ. ನಾನು ಅವನ ಕಾಲ ಬಳಿ ಕೂತಿದ್ದೆ. ಅತ್ತಿಗೆ ಸರೋಜಮ್ಮ ಬಾಯಿಗೆ ನೀರು ಬಿಟ್ಟರು. ನೀರು ಒಳಗೆ ಹೋಗಲಿಲ್ಲ. ಆಗ ನಾನು ಮಾಡಿದ್ದು ಅಳುವುದಲ್ಲ, ಮೂರು ದಶಕದ ಅಭ್ಯಾಸದಂತೆ ಕೈ ತಿರುಗಿಸಿ ಗಂಟೆ ನೋಡುವುದು. ಸಂಜೆ ಪುರೋಹಿತರು ಪಂಚಾಂಗ ಬಿಡಿಸಿ "ಪ್ರಾಣ ಹೋಗಿದ್ದು ಎಷ್ಟೊತ್ತಿಗೆ?" ಎಂದರು. ಮನೆ ತುಂಬ ಜನ, ಎಲ್ಲರ ಜೇಬಿನಲ್ಲೂ ಫೋನು, ಒಬ್ಬರೂ ನೋಡಿಕೊಂಡಿರಲಿಲ್ಲ. ನಮ್ಮ ಸೋದರಮಾವ ಗೋಡೆಗೊರಗಿ ಕೂತಿದ್ದವರು, "ನಾಗೇಶನ್ನ ಕೇಳಿ. ಅವನು ಟೈಮ್ ಆಫೀಸ್ನೋನು, ಅವನ್ ಹೇಳಿದ್ದೇ ಸರಿ" ಎಂದರು. ನಾನು ಹೇಳಿದೆ: ನಾಲ್ಕು ಹದಿನೇಳು. ಪುರೋಹಿತರು ಬೆರಳಿಟ್ಟು ಓದಿದರು. ಶ್ರವಣ ನಕ್ಷತ್ರ ನಾಲ್ಕು ಹನ್ನೊಂದಕ್ಕೆ ಮುಗಿದಿತ್ತು. ಅಲ್ಲಿಂದ ಧನಿಷ್ಠಾ.

ಧನಿಷ್ಠಾ ನಕ್ಷತ್ರದಲ್ಲಿ ಸಾವಾದರೆ ಆ ಮನೆಯನ್ನು ಆರು ತಿಂಗಳು ಬಿಡಬೇಕು ಎನ್ನುವುದು ನಮ್ಮ ಕಡೆಯ ನಡವಳಿಕೆ. ಶಾಂತಿ ಮಾಡಿಸಿ ಇದ್ದುಬಿಡುವವರೂ ಉಂಟು. ನಮ್ಮ ಹಿರಿಯರು ಒಪ್ಪುವವರಲ್ಲ. ಕರ್ಮಾಂತರ ಮುಗಿದ ಕೂಡಲೇ ಒಲೆ ಆರಿಸಿ, ಬೀಗ ಹಾಕಿ, ಬಾಗಿಲಿಗೆ ಅಡ್ಡವಾಗಿ ಮುಳ್ಳಿನ ಕೊಂಬೆ ಸಿಕ್ಕಿಸಿದರು. ಒಳಗಿನ ಸಾಮಾನು ಒಳಗೇ. ಅತ್ತಿಗೆಯ ಹೊಲಿಗೆ ಮಿಷಿನ್ನೂ ಒಳಗೇ.

ಇಲ್ಲಿ ಅತ್ತಿಗೆಯ ಕೆಲಸದ ಬಗ್ಗೆ ಒಂದು ಮಾತು. ರಸ್ತೆಗೆ ತೆರೆದಿದ್ದ ಮುಂದಿನ ಕೋಣೆಯಲ್ಲಿ ಅವರು ಸೀರೆಗಳಿಗೆ ಫಾಲ್ಸ್ ಹಚ್ಚಿ, ಸೆರಗಿಗೆ ಕುಚ್ಚು ಕಟ್ಟುತ್ತಿದ್ದರು. ಗೋಡೆಯ ಮೊಳೆಗೆ ಸೆರಗನ್ನು ಸಿಕ್ಕಿಸಿ, ರೇಷ್ಮೆ ಎಳೆಗಳನ್ನು ಹೆಣೆದು ಗಂಟು ಹಾಕಿ, ಉಳಿದ ದಾರವನ್ನು ಹಲ್ಲಿನಲ್ಲೇ ಕಡಿಯುತ್ತಿದ್ದರು. ಹಲಸೂರಿನಲ್ಲಿ ಅವರಿಗೆ 'ಕುಚ್ಚಿನ ಸರೋಜಮ್ಮ' ಎಂದೇ ಹೆಸರು. ಮುಹೂರ್ತದ ಸೀರೆ ಅವರ ಕೈ ದಾಟಿಯೇ ಮದುವೆಮನೆಗೆ ಹೋಗಬೇಕೆಂದು ಹಟ ಹಿಡಿಯುವ ತಾಯಂದಿರಿದ್ದರು. ಬಾಗಿಲಿಗೆ ಮುಳ್ಳು ಬಿದ್ದದ್ದನ್ನು ಆ ತಾಯಂದಿರೆಲ್ಲ ನೋಡಿದರು. ಮಕ್ಕಳಿಲ್ಲದ ಅತ್ತಿಗೆ ಗರುಡಾಚಾರ್‌ಪಾಳ್ಯದ ನನ್ನ ಮನೆಗೆ ಒಂದು ಟ್ರಂಕಿನೊಂದಿಗೆ ಬಂದರು.

ಕರ್ಮಾಂತರವೆಲ್ಲ ಮುಗಿಸಿ ನಾನು ಕೆಲಸಕ್ಕೆ ಮರಳಿದ್ದು ಹದಿನೇಳನೆಯ ದಿನ. ಮೊದಲ ಶಿಫ್ಟಿಗೆ ಫಿಟ್ಟರ್ ವೆಂಕಟೇಶ ಓಡುತ್ತ ಬಂದ. ನಾನು ಕೈ ನೋಡಿಕೊಂಡು "ಏನಪ್ಪಾ, ಲೇಟು" ಎಂದೆ. ಅವನು ಏದುಸಿರು ಬಿಡುತ್ತಲೇ, "ಸಾರ್, ಗೋಡೆ ಗಡಿಯಾರ ನೋಡಿ ಹೇಳಿ. ನಿಮ್ ವಾಚು ಹತ್ ನಿಮಿಷ ಫಾಸ್ಟು ಅಂತ ಇಡೀ ಶಿಫ್ಟಿಗೇ ಗೊತ್ತು" ಎಂದ. ಹಿಂದಿನ ಸಾಲಿನವರು ನಕ್ಕರು. ನನಗೂ ನಗು ಬರಬೇಕಿತ್ತು. ಬದಲಾಗಿ ಕೈ ರಿಜಿಸ್ಟರಿನ ಅಂಚಿನಲ್ಲಿ ಲೆಕ್ಕ ಹಾಕಿತು. ನಾಲ್ಕು ಹದಿನೇಳು, ಕಳೆ ಹತ್ತು. ನಾಲ್ಕು ಏಳು. ಶ್ರವಣ. ಮನೆ ಬಿಡುವ ಅಗತ್ಯವೇ ಇರಲಿಲ್ಲ.

ಆ ದಿನವೇ ಹೇಳಬಹುದಿತ್ತು. ಬೀಗ ಬಿದ್ದು ಮೂರು ದಿನವಷ್ಟೇ ಆಗಿತ್ತು. ಯಾಕೆ ಹೇಳಲಿಲ್ಲ ಎಂಬುದಕ್ಕೆ ಹನ್ನೆರಡು ವರ್ಷದಲ್ಲಿ ನನ್ನ ಬಳಿ ಒಳ್ಳೊಳ್ಳೆಯ ಕಾರಣಗಳು ಸಿದ್ಧವಾಗಿವೆ. ಹಿರಿಯರು ನಂಬುತ್ತಿರಲಿಲ್ಲ, ಮನೆ ಉಳಿಸಿಕೊಳ್ಳಲು ಸುಳ್ಳು ಹೇಳುತ್ತಿದ್ದಾನೆ ಎನ್ನುತ್ತಿದ್ದರು. ನಕ್ಷತ್ರದ ವಿಷಯದಲ್ಲಿ ಹೇಳಿದ ಮಾತು ಬದಲಿಸಬಾರದು. ಗಂಟೆ ನೋಡುವುದೇ ಕಸುಬಾದವನು ಅಣ್ಣನ ಕೊನೆಯ ಗಂಟೆಯನ್ನೇ ತಪ್ಪು ಹೇಳಿದನೆಂದು ಊರಿಗೆಲ್ಲ ಗೊತ್ತಾದರೆ ಗೇಟಿನಲ್ಲಿ ನನ್ನ ಮಾತಿಗೆ ಏನು ಬೆಲೆ. ಕಾರಣಗಳನ್ನು ಸ್ಮಾರ್ಟ್‌ವಾಚು ಎಣಿಸುವುದಾದರೆ ನಾನು ದಿನದ ಗುರಿಯನ್ನು ಬೆಳಗಿನ ತಿಂಡಿಗೆ ಮುಂಚೆಯೇ ಮುಟ್ಟಿಬಿಡುತ್ತಿದ್ದೆ.

ನಿಜವಾದ ಕಾರಣ ಅಡಿಗೆಮನೆಯಲ್ಲಿತ್ತು. ನನ್ನ ಹೆಂಡತಿ ಅದಕ್ಕೆ ಎರಡು ವರ್ಷ ಮುಂಚೆಯೇ ತೀರಿಹೋಗಿದ್ದಳು. ವನಿತಾಳಿಗೆ ಆಗ ಹದಿನಾರು. ನಾವಿಬ್ಬರೂ ಎರಡು ವರ್ಷ ಉಪ್ಪಿಟ್ಟು, ಬ್ರೆಡ್ಡು ಮತ್ತು ಪರಸ್ಪರ ಮೌನದ ಮೇಲೆ ಜೀವಿಸಿದ್ದೆವು. ಅತ್ತಿಗೆ ಬಂದ ಮಾರನೆಯ ಬೆಳಿಗ್ಗೆ ಮನೆಯಲ್ಲಿ ಬಸ್ಸಾರಿನ ವಾಸನೆ ಬಂತು. ಸಂಜೆ ನಾನು ಗೇಟು ತೆಗೆಯುವ ಹೊತ್ತಿಗೆ ಒಳಗೆ ದೀಪ ಹೊತ್ತಿರುತ್ತಿತ್ತು. ಮಗಳು ದೊಡ್ಡಮ್ಮನ ಮುಂದೆ ಕೂತು ಪಾಠ ಒಪ್ಪಿಸುವುದು, ಜಡೆ ಹಾಕಿಸಿಕೊಳ್ಳುವುದು, ನಗುವುದು, ಇವೆಲ್ಲ ನಡುಮನೆಯಿಂದ ಕೇಳಿಸುತ್ತಿತ್ತು. ನಾನು ಬಾಯಿ ಬಿಟ್ಟಿದ್ದರೆ ಅವರು ಟ್ರಂಕು ಎತ್ತಿಕೊಂಡು ಹೋಗುತ್ತಿದ್ದರು. ಬಾಯಿ ಬಿಡಲಿಲ್ಲ, ಬಸ್ಸಾರು ತಿಂದೆ. ನಾಳೆ ಹೇಳಿದರಾಯಿತು ಎಂದುಕೊಂಡೆ. ಹೀಗೆ ಆರು ತಿಂಗಳಿನಷ್ಟು ನಾಳೆಗಳನ್ನು ತಿಂದೆ.

ಮುಳ್ಳು ತೆಗೆದು ಹೋಮ ಮಾಡಿಸಿ ಅತ್ತಿಗೆ ಹಲಸೂರಿಗೆ ಮರಳಿದರು. ಮಾಘ, ಫಾಲ್ಗುಣ, ವೈಶಾಖ, ಮದುವೆಯ ಕಾಲ ಪೂರಾ ಅಷ್ಟರಲ್ಲಿ ಕಳೆದುಹೋಗಿತ್ತು. ಅದು ಮತ್ತೆ ಬರುತ್ತದೆ, ಆದರೆ ಸೀರೆಗಳು ಬರಲಿಲ್ಲ. ಮುಳ್ಳು ಹಾಕಿದ್ದ ಮನೆಯಲ್ಲಿ ಮುಹೂರ್ತದ ಸೀರೆಯನ್ನು ಹೇಗೆ ಕೊಡುವುದು? ಯಾರೂ ಎದುರಿಗೆ ಹಾಗೆನ್ನಲಿಲ್ಲ. ಕಂಡಾಗ ನಿಂತು ಮಾತಾಡಿಸಿ, ಹೇಗಿದ್ದೀರಾ ಸರೋಜಮ್ಮ ಎಂದು ಕೈ ಹಿಡಿದು, ಸೀರೆಯನ್ನು ಮಾತ್ರ ಬೇರೆ ಕಡೆ ಕೊಟ್ಟರು. ಎರಡು ವರ್ಷ ಕಾದು ಅತ್ತಿಗೆ ಮಿಷಿನ್ ಮಾರಿ, ಮುಂದಿನ ಕೋಣೆಯನ್ನು ಬಾಡಿಗೆಗೆ ಕೊಟ್ಟು, ಹಿಂದಿನ ಕೋಣೆಗೆ ಸೇರಿಕೊಂಡರು.

ಅಂದಿನಿಂದ ಪ್ರತಿ ಮಂಗಳವಾರ ನಾನು ಅವರಲ್ಲಿ ಊಟಕ್ಕೆ ಹೋಗುತ್ತೇನೆ. ಪ್ರತಿ ಮಂಗಳವಾರವೂ ಹೇಳಿಬಿಡಬೇಕೆಂದೇ ಹೋಗುತ್ತೇನೆ. ಮುದ್ದೆ ಮುರಿಯುವಾಗ ಮಾತು ನಾಲಿಗೆಯ ತುದಿಗೆ ಬರುತ್ತದೆ. ಸಾರು ಅದನ್ನು ಒಳಕ್ಕೆ ತಳ್ಳುತ್ತದೆ. ಗೆಳೆಯರೇ, ನಾನು ಹೊಸ ಗಡಿಯಾರಕ್ಕೆ ಹಿಂಜರಿದದ್ದು ಹಳೆಯದರ ಮೇಲಿನ ಪ್ರೀತಿಯಿಂದಲ್ಲ. ಹಳೆಯದನ್ನು ನೋಡಿದಾಗಲೆಲ್ಲ, ಹತ್ತು ಕಳೆದಾಗಲೆಲ್ಲ, ನನಗೊಂದು ಬಾಕಿ ಇದೆ ಎಂಬುದು ನೆನಪಾಗುತ್ತಿತ್ತು. ಅದನ್ನು ಬಿಚ್ಚಿಟ್ಟರೆ ನಾನು ಮರೆಯುತ್ತೇನೆ. ಮರೆತು, ಒಂದು ದಿನ ಯಾವುದೋ ಮೆಟ್ಟಿಲಿನ ಮೇಲೆ, ಹೇಳದೆಯೇ ಹೋಗುತ್ತೇನೆ. ಆಗ ನನ್ನ ಕೊನೆಯ ಗಳಿಗೆಯನ್ನು ಸ್ಮಾರ್ಟ್‌ವಾಚು ಸೆಕೆಂಡಿನ ಸಮೇತ ಮಗಳ ಫೋನಿಗೆ ಕಳಿಸುತ್ತದೆ, ಪುರೋಹಿತರಿಗೆ ಏನೂ ತೊಂದರೆಯಾಗುವುದಿಲ್ಲ. ಹೇಳಬೇಕಾಗಿದ್ದ ಮಾತನ್ನು ಮಾತ್ರ ಅದು ಕಳಿಸುವುದಿಲ್ಲ.

ಭಾನುವಾರ ಬಂತು. ವನಿತಾ ಹೇಳಿದಳು, "ದೊಡ್ಡಮ್ಮನ ಮನೆ ಮುಂದಿನ ಅಂಗಡೀಲೇ ತಗೊಳ್ಳೋಣ. ಗೊತ್ತಿರೋರು." ಹೌದು, ಅತ್ತಿಗೆಯ ಮುಂದಿನ ಕೋಣೆಯಲ್ಲಿ ಈಗಿರುವುದು ಮೊಬೈಲು, ಚಾರ್ಜರು, ಸ್ಮಾರ್ಟ್‌ವಾಚುಗಳ ಅಂಗಡಿ. ನಡೆಸುವವರು ಶಿವಾಜಿನಗರದ ಇಮ್ತಿಯಾಜ್ ಭಾಯ್, ಮೃದು ಮಾತಿನ ಮನುಷ್ಯ. ಸೆರಗು ಸಿಕ್ಕಿಸುತ್ತಿದ್ದ ಮೊಳೆ ಗೋಡೆಯಲ್ಲಿ ಇನ್ನೂ ಇದೆ. ಅದಕ್ಕೆ ಈಗ ಚಾರ್ಜರಿನ ವೈರುಗಳು ಗೊಂಚಲಾಗಿ ತೂಗುತ್ತವೆ. ದೂರದಿಂದ ನೋಡಿದರೆ ಅವೂ ಕುಚ್ಚಿನಂತೆಯೇ ಕಾಣುತ್ತವೆ.

ಭಾಯ್ ಒಂದು ಕಪ್ಪು ಗಡಿಯಾರ ತೆಗೆದು ನನ್ನ ಬಲಗೈಗೆ ಕಟ್ಟಿದರು. ಎಡಗೈಯಲ್ಲಿ ಅಣ್ಣನದು ಇತ್ತಲ್ಲ. ಕೆಳಗೆ ಹಸಿರು ದೀಪ ಮಿಣುಕಿ ನನ್ನ ನಾಡಿಯನ್ನು ಹುಡುಕಿತು. "ಎಂಬತ್ತೆರಡು ಸಾರ್. ಫಸ್ಟ್ ಕ್ಲಾಸ್" ಎಂದರು ಭಾಯ್. ಅತ್ತಿಗೆ ಒಳಬಾಗಿಲಿನಿಂದ ಕಾಫಿ ಲೋಟಗಳನ್ನು ಹಿಡಿದು ಬಂದು ಹೊಸಿಲ ಮೇಲೆ ನಿಂತರು. ನಾನು, ಏನಾದರೂ ಕೇಳಬೇಕಲ್ಲ ಎಂದು, ಕೇಳಿದೆ: "ಇದನ್ನ ಒಂದ್ ಹತ್ತು ನಿಮಿಷ ಮುಂದೆ ಇಡಬಹುದಾ?"

"ಆಗಲ್ಲ ಸಾರ್. ಇದು ಟೈಮು ಫೋನಿಂದ ತಗೊಳ್ಳತ್ತೆ. ನಾವು ನೀವು ಕೈ ಹಾಕೋ ಹಾಗಿಲ್ಲ."

"ಮುಂದೆ ಯಾಕಪ್ಪಾ ಇಡ್ಬೇಕು? ಈಗ ಯಾವ್ ಬಸ್ ಹಿಡೀಬೇಕು ನೀನು?" ವನಿತಾ ನಕ್ಕಳು.

ಅತ್ತಿಗೆಯೂ ನಕ್ಕರು. "ಅವನ್ ವಾಚು ಯಾವತ್ ಸರಿಯಾಗಿತ್ತಮ್ಮಾ? ಮದ್ವೆ ಮನೇಗೆ ಅಡಿಗೆಯೋರಿಗಿಂತ ಮುಂಚೆ ಹೋಗಿ ಕೂರ್ತಿದ್ದ."

ಎಲ್ಲರೂ ನಗುತ್ತಿದ್ದ ಆ ಗಳಿಗೆಯಲ್ಲಿ, ಯಾವ ಮಂಗಳವಾರವೂ ಬಾರದ ಮಾತು ಭಾನುವಾರ ಬಂದುಬಿಟ್ಟಿತು. ಅದಕ್ಕೆ ಪೀಠಿಕೆಯನ್ನೂ ಹಾಕಲಾಗಲಿಲ್ಲ. "ಅತ್ತಿಗೆ, ಆವತ್ತೂ ಮುಂದೇ ಇತ್ತು. ಅಣ್ಣ ಹೋದ ದಿನ. ನಾನು ಹತ್ತು ಕಳೀಲಿಲ್ಲ. ಅವನು ಹೋಗಿದ್ದು ನಾಲ್ಕು ಏಳಕ್ಕೆ. ಮನೆ ಬಿಡೋದು ಬೇಕಾಗಿರ್ಲಿಲ್ಲ."

ವನಿತಾಳ ನಗು ನಿಂತಿತು. ಅತ್ತಿಗೆಯದು ನಿಲ್ಲಲಿಲ್ಲ, ಇನ್ನಷ್ಟು ಮೆತ್ತಗಾಯಿತು. ಅವರು ಲೋಟಗಳನ್ನು ಗಾಜಿನ ಮೇಜಿನ ಮೇಲೆ ಇಟ್ಟರು. "ಗೊತ್ತು ಕಣೋ" ಎಂದರು. "ನಿನ್ನ ಮನೇಲೇ ಗೊತ್ತಾಯ್ತು, ನಾಲ್ಕನೇ ತಿಂಗಳಲ್ಲಿ. ನೀನು ಸ್ನಾನಕ್ ಹೋಗಿದ್ದೆ, ವಾಚು ಕಿಟಕಿ ಮೇಲಿತ್ತು, ರೇಡಿಯೋದಲ್ಲಿ ವಾರ್ತೆ ಶುರುವಾಯ್ತು. ನೋಡ್ದೆ. ಲೆಕ್ಕ ಹಾಕ್ದೆ."

"ಮತ್ತೆ ಹೇಳ್ಲೇ ಇಲ್ಲ ನೀವು?" ಎಂದೆ.

"ಏನಂತ ಹೇಳ್ಲಿ? ಅಣ್ಣನ್ನ ಕಳ್ಕೊಂಡಿದೀಯ. ಗೊತ್ತಿಲ್ದೆ ಆಗಿದ್ದು. ನಾನ್ ಹೇಳಿದ್ರೆ ಆಯುಸ್ಸೆಲ್ಲ ಕೊರಗ್ತೀಯ ಅಂತ ಸುಮ್ನಾದೆ. ನನ್ ಕೆಲ್ಸ ಹೋಗಿದ್ದು ಹೋಯ್ತು, ನಿಂಗ್ಯಾಕೆ ನೋವು ಅಂತ. ಈಗ್ ಹೆಂಗ್ ಗೊತ್ತಾಯ್ತು ನಿಂಗೆ?"

ಇಲ್ಲಿ ಸುಳ್ಳು ಹೇಳಬಹುದಿತ್ತು ಎಂಬುದನ್ನು ನೀವು ಗಮನಿಸಿರುತ್ತೀರಿ. ಮೊನ್ನೆ ಮೆಟ್ಟಿಲ ಮೇಲೆ ಬಿದ್ದಾಗ ಹೊಳೆಯಿತು ಎಂದಿದ್ದರೆ ಸಾಕಿತ್ತು. ಅತ್ತಿಗೆ ಕ್ಷಮಿಸಿ ಹನ್ನೆರಡು ವರ್ಷವಾಗಿತ್ತು. ಆ ಕ್ಷಮೆ ಹಾಗೆಯೇ ಉಳಿಯುತ್ತಿತ್ತು. ನಾಲಿಗೆ ಅದಕ್ಕೆ ಹೊರಳಿಯೂ ಇತ್ತು. ಅಷ್ಟರಲ್ಲಿ ಇಮ್ತಿಯಾಜ್ ಭಾಯ್, ಪಾಪ, ನನ್ನ ಬಲಗೈಯನ್ನೇ ನೋಡುತ್ತಿದ್ದವರು, "ಸಾರ್, ನೂರಾ ಹದಿನಾರು ತೋರಿಸ್ತಿದೆ. ಕೂತ್ಕೊಳ್ಳಿ ಸಾರ್" ಎಂದು ಸ್ಟೂಲು ಎಳೆದರು.

ನಾನು ಕೂತೆ. "ಹದಿನೇಳನೇ ದಿನ ಗೊತ್ತಾಯ್ತು ಅತ್ತಿಗೆ" ಎಂದೆ. "ಕೆಲಸಕ್ಕೆ ಹೋದ ದಿನವೇ."

"ಯಾವ ಹದಿನೇಳನೇ ದಿನ?"

"ಬೀಗ ಹಾಕಿ ಮೂರು ದಿನ ಆಗಿತ್ತು."

ಅವರು ಗೋಡೆಯ ಆ ಮೊಳೆಯ ಕಡೆ ನೋಡಿದರು. ಮಗಳು ನನ್ನನ್ನು ನೋಡುತ್ತಿದ್ದಳು, ಕ್ಲಿನಿಕ್ಕಿನಲ್ಲಿ ಬಗ್ಗದ ಮೊಣಕಾಲನ್ನು ನೋಡುವ ಹಾಗಲ್ಲ, ಬೇರೆ ಯಾವುದೋ ರೀತಿಯಲ್ಲಿ. ಅವಳ ಹದಿನಾರನೆಯ ವರ್ಷದ ಜಡೆ, ದೀಪ, ಬಸ್ಸಾರು ಎಲ್ಲದರ ಬೆಲೆ ಎಷ್ಟಾಗಿತ್ತೆಂದು ಅವಳಿಗೆ ಆಗ ತಿಳಿಯುತ್ತಿತ್ತು. ಅದನ್ನು ತಿಳಿಸುವ ಉದ್ದೇಶ ನನಗಿರಲಿಲ್ಲ. ನಿಜ ಹೇಳುವವನು ಯಾರ ಯಾರಿಗೆ ಎಷ್ಟೆಷ್ಟು ತಗಲಬೇಕೆಂದು ಮೊದಲೇ ಅಳೆದು ಹೇಳಲಾರ.

"ಮೂರು ದಿನ" ಎಂದರು ಅತ್ತಿಗೆ. "ನಾನ್ ನಿಂಗ್ ಗೊತ್ತಿಲ್ಲ ಅಂತಲ್ವಾ ಅಂದ್ಕೊಂಡಿದ್ದು."

ಇಷ್ಟೇ. ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ನನ್ನ ಹೃದಯ ಏನು ಮಾಡುತ್ತಿತ್ತೋ ಗೊತ್ತಿಲ್ಲ. ಬೈಯದ್ದಕ್ಕೆ ಅದು ನೂರಾ ಇಪ್ಪತ್ತೊಂದಕ್ಕೆ ಹೋಯಿತೆಂದು ದಾಖಲೆ ಹೇಳುತ್ತದೆ. ನನಗೆ ನೋವಾಗಬಾರದೆಂದು ಅವರು ಹನ್ನೆರಡು ವರ್ಷ ಜೋಪಾನವಾಗಿ ಮುಚ್ಚಿಟ್ಟ ಒಂದು ವಸ್ತುವನ್ನು ನಾನು ಬಿಚ್ಚಿ, ಅದರೊಳಗೆ ಏನೂ ಇರಲಿಲ್ಲವೆಂದು ಅವರಿಗೇ ತೋರಿಸಿದಂತಾಗಿತ್ತು. ಅವರು ಕಳೆದುಕೊಂಡದ್ದರ ಪಟ್ಟಿಗೆ ಇದೊಂದು ಹೊಸದಾಗಿ ಸೇರಿತು. ಹೇಳಿಬಿಟ್ಟರೆ ಎದೆ ಹಗುರವಾಗುತ್ತದೆ ಎನ್ನುತ್ತಾರಲ್ಲ, ಹಾಗೆನ್ನುವವರು ಹೇಳಿದವರ ಎದೆಯ ವಿಚಾರ ಮಾತ್ರ ಆಡುತ್ತಾರೆ. ನನ್ನದಂತೂ ಹಗುರವೂ ಆಗಲಿಲ್ಲ.

ಆಮೇಲೆ ಅತ್ತಿಗೆ ಕೈ ಚಾಚಿದರು. ಕಾಫಿ ಲೋಟಕ್ಕೆಂದುಕೊಂಡು ನಾನು ಲೋಟ ಎತ್ತಿಕೊಟ್ಟೆ.

"ಅದಲ್ಲ. ಆ ವಾಚು. ಅವರು ಕೊಡ್ಸಿದ್ದಲ್ವಾ. ಇಲ್ ಕೊಡು."

ಬಿಚ್ಚಿಕೊಟ್ಟೆ. ನಲವತ್ತೆರಡು ವರ್ಷ ಬಿಸಿಲು ಕಾಣದ ಮಣಿಕಟ್ಟಿನ ಚರ್ಮ ಬೆಳ್ಳಗೆ, ಯಾರದೋ ಬೇರೆಯವರದೆಂಬಂತೆ ಕಂಡಿತು. ಅತ್ತಿಗೆ ಗಡಿಯಾರವನ್ನು ಸೆರಗಿನ ತುದಿಯಲ್ಲಿ ಒರೆಸಿದರು. ಆ ಸೆರಗಿಗೆ ಕುಚ್ಚಿರಲಿಲ್ಲ. ಸಮಯ ನೋಡಲಿಲ್ಲ, ಕಿವಿಗೆ ಹಿಡಿಯಲೂ ಇಲ್ಲ. "ಕಾಫಿ ಆರ್ತಿದೆ, ಕುಡೀರಿ" ಎಂದು ಎಲ್ಲರಿಗೂ ಸೇರಿಸಿ ಹೇಳಿ ಒಳಗೆ ಹೋದರು. ಅದಕ್ಕೆ ದಿನಾ ಬೆಳಿಗ್ಗೆ ಕೀ ಕೊಡಬೇಕೆಂದು ನಾನು ಕೂಗಿ ಹೇಳಲಿಲ್ಲ. ಆರು ತಿಂಗಳು ನನ್ನ ಮನೆಯಲ್ಲಿದ್ದವರು, ಅವರಿಗೆ ಗೊತ್ತು.

ಹೀಗೆ, ನಾಲ್ಕು ದಿನ ನಾನು ಗಂಭೀರವಾಗಿ ವಿಚಾರಣೆ ನಡೆಸಿದ ಮೊಕದ್ದಮೆ ಒಂದು ಪಕ್ಷವೇ ಕೈಬಿಟ್ಟುಹೋದ ಕಾರಣ ತೀರ್ಮಾನವಾಯಿತು. ಸಾಂಪ್ರದಾಯಿಕ ಗಡಿಯಾರ ಮೇಲೋ ಸ್ಮಾರ್ಟ್‌ವಾಚು ಮೇಲೋ ಎಂದು ಯಾರಾದರೂ ಕೇಳಿದರೆ ಹೇಳಲು ನನ್ನಲ್ಲಿ ಈಗಲೂ ಅಭಿಪ್ರಾಯವಿಲ್ಲ. ಹೊಸದನ್ನು ಬಲಗೈಯಿಂದ ಬಿಚ್ಚಿ ಎಡಗೈಗೆ ಕಟ್ಟಿದ್ದು ವನಿತಾ. ಕಟ್ಟುವಾಗ ಪಟ್ಟಿ ಬಿಗಿಯಾಯಿತಾ ಎಂದು ಮಾತ್ರ ಕೇಳಿದಳು. ಮರಳುವಾಗ ಹಲಸೂರು ನಿಲ್ದಾಣದ ಮೆಟ್ಟಿಲು ಹತ್ತಿದೆವು. ನಾನು ಬಿದ್ದ ಜಾಗ ದಾಟುವಾಗ ಅವಳು ನನ್ನ ಮೊಣಕೈ ಹಿಡಿದುಕೊಂಡಳು, ದಾಟಿದ ಮೇಲೆ ಬಿಟ್ಟಳು.

ಮಂಗಳವಾರದ ಊಟ ನಿಂತಿಲ್ಲ. ನುಗ್ಗೇಕಾಯಿ ಒಯ್ದರೆ ತೆಗೆದುಕೊಳ್ಳುತ್ತಾರೆ. ಮೊದಲು ಕೇಳದೆಯೇ ತಟ್ಟೆಗೆ ಎರಡನೆಯ ಮುದ್ದೆ ಬೀಳುತ್ತಿತ್ತು. ಈಗ ಬೇಕಾ ಎಂದು ಕೇಳುತ್ತಾರೆ, ನಾನು ಬೇಡ ಎನ್ನುತ್ತೇನೆ. ಹಿಂದಿನ ಕೋಣೆಯಲ್ಲಿ ಗಡಿಯಾರದ ಸದ್ದು ಕೇಳಿಸುತ್ತದೆಯೇ ಎಂದು ಊಟದ ನಡುವೆ ಕಿವಿಗೊಡುತ್ತೇನೆ. ರಸ್ತೆಯ ಗದ್ದಲದಲ್ಲಿ ತಿಳಿಯುವುದಿಲ್ಲ. ಗಂಟೆ ಎಷ್ಟೆಂದು ಯಾರಾದರೂ ಕೇಳಿದರೆ ಈಗಲೂ ಹತ್ತು ಕಳೆದೇ ಹೇಳುತ್ತೇನೆ, ಹಾಗಾಗಿ ಈಗ ನಾನು ಲೋಕಕ್ಕಿಂತ ಹತ್ತು ನಿಮಿಷ ಹಿಂದಿದ್ದೇನೆ.

ಕೊಂಡದ್ದು ಸ್ಮಾರ್ಟ್‌ವಾಚು. ಕಪ್ಪು ಪಟ್ಟಿ, ಒಂದು ವರ್ಷದ ವಾರಂಟಿ. ಸಮಯ ಸರಿಯಾಗಿ ತೋರಿಸುತ್ತದೆ.